ಕೇಸು ಯಾವೂರಾಗ ಕೊಡ್ಬೇಕು ತಂಗಿ?

ಈ ಲೇಖನ ಬರೆಯೋಕೆ ಕಾರಣ ನಾನು ಕೊಟ್ಟ ಒಂದು ತಪ್ಪು ಉತ್ತರ. ಅದನ್ನ ಮೊದಲೇ ಒಪ್ಕೊಂಡು ಶುರು ಮಾಡ್ತೀನಿ. ಇನ್ನೊಂದು ಮಾತು: ಒಂದನೇ ಕ್ಲಾಸಿಂದ ನಾನು ಓದಿದ್ದು ಇಂಗ್ಲಿಷ್ ಮೀಡಿಯಂ. ಒತ್ತಕ್ಷರ ತಪ್ಪಿದ್ರೆ ಕ್ಷಮಿಸಿ, ವಿಷಯ ಮಾತ್ರ ಪೂರ್ತಿ ಓದಿ.

ನಮ್ಮ ಲೇಡೀಸ್ ಹಾಸ್ಟೆಲ್ ಹಿಂದಿನ ಸೈಟಲ್ಲಿ ಕಳೆದ ಸೆಮಿಸ್ಟರ್ ಪೂರ್ತಿ ಒಂದು ಅಪಾರ್ಟ್‌ಮೆಂಟ್ ಏಳ್ತಾ ಇತ್ತು. ಕಾಂಪೌಂಡ್ ಪಕ್ಕದಲ್ಲೇ ಕೆಲಸದವರ ತಗಡಿನ ಶೆಡ್ಡುಗಳು. ಒಂದು ಸಂಜೆ ನಾನು ಕಾಂಪೌಂಡ್ ಹತ್ರ ನಿಂತು ಅವ್ವನ ಜೊತೆ ಫೋನಲ್ಲಿ ಮಾತಾಡ್ತಿದ್ದೆ. ಕ್ಲಾಸಲ್ಲಿ ನನ್ನ ಭಾಷೆ ಬೇರೆ, ಅವ್ವನ ಹತ್ರ ಬೇರೆ. ಫೋನ್ ಇಟ್ಟ ತಕ್ಷಣ ಆ ಕಡೆಯಿಂದ ಒಂದು ದನಿ.

"ತಂಗಿ, ನೀ ನಮ್ಮ ಕಡಿಯಾಕಿ ಅದಿ ಏನು?"

"ಹೌದಕ್ಕಾ, ಯಾದಗಿರಿ ಹತ್ರ ಅಬ್ಬೆತುಮಕೂರು."

"ವಿಶ್ವಾರಾಧ್ಯರ ಮಠದ ಊರಾಕಿ! ಜಾತ್ರಿಗಿ ಬಂದಿದ್ದೆ ನಾ. ನಮ್ಮದು ಶಹಾಪುರ ತಾಲೂಕು."

ಆ ದಿನದಿಂದ ಅಕ್ಕ ಪರಿಚಯ. ವಯಸ್ಸು ಇಪ್ಪತ್ತೈದರ ಒಳಗೇ ಇರಬೇಕು, ಒಂದು ಕೂಸು. ಗಂಡ ಗೌಂಡಿ, ಈಕೆ ಮರಳು, ಇಟ್ಟಿಗೆ ಹೊರೋದು. ಹೆಸರು, ಊರು ಬೇಕಂತಲೇ ಬರೀತಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಅಕ್ಕನ ಎಡಗೈ ಊದಿತ್ತು. ಬಿದ್ದೆ ಅಂದ್ಲು. ನಾನು ಏನೂ ಕೇಳ್ದೆ ಸುಮ್ನೆ ನಿಂತಿದ್ದೆ. ಸ್ವಲ್ಪ ಹೊತ್ತಾದ ಮೇಲೆ ಅವಳೇ ಹೇಳಿದ್ಲು: "ಬಿದ್ದಿಲ್ಲ ತಂಗಿ. ಕುಡುದು ಬಂದು ಹೊಡ್ದಾನ. ದಿನಾ ಇದಾ ಹಣೇಬರ. ಪೊಲೀಸ್ರಿಗಿ ಹೇಳ್ಬೇಕಂದ್ರ ಇಲ್ಲಿ ತಗೊಳ್ಳಂಗಿಲ್ಲ, ಊರಾಗೇ ಕೇಸ್ ಕೊಡ್ಬೇಕು ಅಂತಾನ ಮೇಸ್ತ್ರಿ. ನೀ ಓದಿದಾಕಿ, ಹೇಳು. ಕೇಸು ಯಾವೂರಾಗ ಕೊಡ್ಬೇಕು?"

ನಾನು ಒಂದು ನಿಮಿಷಾನೂ ಯೋಚಿಸ್ಲಿಲ್ಲ. "ಹೌದಕ್ಕಾ, ಆಧಾರ್ ಅಡ್ರೆಸ್ ಊರಿಂದೇ ಅಲ್ವಾ, ಅಲ್ಲೇ ಕೊಡ್ಬೇಕು ಅನ್ಸುತ್ತೆ" ಅಂದುಬಿಟ್ಟೆ.

ತಪ್ಪು. ಶುದ್ಧ ತಪ್ಪು.

ಮೇಸ್ತ್ರಿ ಮಾತನ್ನ ಅಕ್ಕ ಅರ್ಧ ನಂಬಿದ್ಲು, ನನ್ನ ಮಾತನ್ನ ಪೂರ್ತಿ ನಂಬಿದ್ಲು. ಕೂಸನ್ನ ಕಟ್ಕೊಂಡು ಮರುದಿನ ಊರಿಗೆ ಹೋದ್ಲು. ಅಲ್ಲಿ ಠಾಣೆ ಮೆಟ್ಟಿಲು ಹತ್ತೋ ಮೊದಲೇ ಹಿರಿಯರು ಕೂತ್ರು. "ಗಂಡ ಹೆಂಡತಿ ಜಗಳ, ನಾಕು ಮಂದಿಯಾಗ ಯಾಕ" ಅಂತ ರಾಜಿ ಆಯ್ತು. ಹದಿನೈದು ದಿನಕ್ಕೆ ಅಕ್ಕ ಅದೇ ಶೆಡ್ಡಲ್ಲಿ, ಅದೇ ಕೈಯಲ್ಲಿ ಮರಳಿನ ಬುಟ್ಟಿ ಹೊರ್ತಾ ಇದ್ಲು.

ಇಲ್ಲಿ ನನಗೆ ನಾಚಿಕೆ ತರೋ ಇನ್ನೊಂದು ವಿಷಯ ಇದೆ. ಅದೇ ತಿಂಗಳು ನಾನು ಒಂದು ಇಂಗ್ಲಿಷ್ ಡಿಬೇಟಿಗೆ ತಯಾರಿ ಮಾಡ್ತಿದ್ದೆ. ವಿಷಯ: ಸರ್ಕಾರದ ನೀತಿ ಬದಲಾದಾಗ, ಗಂಡನ ಹೊಡೆತ ತಪ್ಪಿಸ್ಕೊಂಡು ಬೇರೆ ದೇಶಕ್ಕೆ ಬಂದ ವಲಸೆ ಹೆಂಗಸರಿಗೆ ಏನಾಗುತ್ತೆ. ಅಮೆರಿಕದ ಕಥೆ ನನಗೆ ಬಾಯಿಪಾಠ ಆಗಿತ್ತು. 2014ರಲ್ಲಿ ಗ್ವಾಟೆಮಾಲಾದ ಒಬ್ಬ ಹೆಂಗಸಿನ ಕೇಸಲ್ಲಿ, ಗಂಡನ ಹಿಂಸೆಯಿಂದ ಓಡಿ ಬಂದವಳೂ ಆಶ್ರಯ ಕೇಳಬಹುದು ಅಂತ ಅಲ್ಲಿನ ವಲಸೆ ಮೇಲ್ಮನವಿ ಮಂಡಳಿ ಹೇಳಿತು. 2018ರಲ್ಲಿ ಎಲ್ ಸಾಲ್ವಡಾರ್‌ನ ಒಬ್ಬಳ ಕೇಸಲ್ಲಿ ಅಟಾರ್ನಿ ಜನರಲ್ ಅದನ್ನ ತಿರುವಿ ಹಾಕಿದ್ರು. 2021ರಲ್ಲಿ ಹೊಸ ಸರ್ಕಾರ ಬಂತು, ಆ ತೀರ್ಪನ್ನ ರದ್ದು ಮಾಡಿತು. 2025ರ ಸೆಪ್ಟೆಂಬರ್‌ನಲ್ಲಿ ಮತ್ತೊಬ್ಬ ಅಟಾರ್ನಿ ಜನರಲ್ 2018ರದ್ದನ್ನೇ ವಾಪಸ್ ತಂದ್ರು. ಏಟು ಅದೇ, ಗಾಯ ಅದೇ. ಹನ್ನೊಂದು ವರ್ಷದಲ್ಲಿ ಉತ್ತರ ಮಾತ್ರ ನಾಲ್ಕು ಸಲ ಬದಲಾಯ್ತು.

ಇದನ್ನೆಲ್ಲ ಓದಿ ನಾನು ಡಿಬೇಟಲ್ಲಿ ಚೆನ್ನಾಗೇ ಮಾತಾಡಿದೆ. ಆದ್ರೆ ಕಾಂಪೌಂಡ್ ಆಚೆ ನಿಂತಿದ್ದ ನಮ್ಮ ಶಹಾಪುರದ ಅಕ್ಕನಿಗೆ ನಮ್ಮದೇ ದೇಶದ ಕಾನೂನು ಏನು ಹೇಳುತ್ತೆ ಅಂತ ನನಗೆ ಗೊತ್ತಿರ್ಲಿಲ್ಲ. ಆಮೇಲೆ ಕೂತು ಓದಿದೆ. ಓದಿದ್ದನ್ನ ನಿಮ್ಮ ಮುಂದೆ ಇಡ್ತೀನಿ, ಯಾಕಂದ್ರೆ ನಿಮ್ಮ ಹತ್ರಾನೂ ಒಂದು ದಿನ ಯಾರಾದ್ರೂ ಇದೇ ಪ್ರಶ್ನೆ ಕೇಳಬಹುದು.

ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ರಕ್ಷಣೆ ಕಾಯ್ದೆ 2005ರಲ್ಲಿ ಬಂತು, 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ಅದರ 27ನೇ ಸೆಕ್ಷನ್ ಓದಿದಾಗ ನನಗೆ ಹೊಟ್ಟೆಯೊಳಗೆ ಸಂಕಟ ಆಯ್ತು. ಹೆಣ್ಣುಮಗಳು ಕಾಯಂ ಆಗಿ ಇರೋ ಊರಷ್ಟೇ ಅಲ್ಲ, ತಾತ್ಕಾಲಿಕವಾಗಿ ಇರೋ ಊರು, ಕೆಲಸ ಮಾಡೋ ಊರು, ಎಲ್ಲಿ ಬೇಕಾದ್ರೂ ಅಲ್ಲಿನ ಮ್ಯಾಜಿಸ್ಟ್ರೇಟ್ ಮುಂದೆ ಅರ್ಜಿ ಹಾಕಬಹುದು. ಅಲ್ಲಿ ಸಿಕ್ಕ ಆದೇಶ ಇಡೀ ದೇಶದಲ್ಲಿ ನಡೆಯುತ್ತೆ. ಅಂದ್ರೆ ಬೆಂಗಳೂರಿನ ತಗಡಿನ ಶೆಡ್ಡು ಸಾಕು. ಆಧಾರ್ ಯಾವ ಊರಿಂದು ಅಂತ ಕಾಯ್ದೆ ಕೇಳೋದೇ ಇಲ್ಲ.

ಕ್ರಿಮಿನಲ್ ಕೇಸಿಗೂ ಅಷ್ಟೇ. ಗಂಡನ ಮನೆ ಬಿಟ್ಟು ಬಂದವಳು ಆಶ್ರಯ ಪಡೆದ ಊರಲ್ಲೇ 498ಎ ಕೇಸ್ ನಡೆಸಬಹುದು ಅಂತ ಸುಪ್ರೀಂ ಕೋರ್ಟ್ 2019ರ ಏಪ್ರಿಲ್‌ನಲ್ಲಿ ರೂಪಾಲಿ ದೇವಿ ಕೇಸಲ್ಲಿ ಹೇಳಿದೆ. 2024ರ ಜುಲೈ 1ರಿಂದ ಹಳೇ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ, 498ಎ ಈಗ ಅಲ್ಲಿ ಸೆಕ್ಷನ್ 85. ಅದರ ಜೊತೆಗೇ ಬಂದ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 173ರಲ್ಲಿ 'ಜೀರೋ ಎಫ್‌ಐಆರ್' ಇದೆ. ಘಟನೆ ಎಲ್ಲೇ ಆಗಿರ್ಲಿ, ಯಾವ ಠಾಣೆಯಲ್ಲಾದ್ರೂ ದೂರು ಕೊಡಬಹುದು, ಠಾಣೆಯವರು ತಗೊಳ್ಳಬೇಕು.

ಇಷ್ಟು ಓದಿದ್ರೆ, ಕಾನೂನು ವರ್ಷದಿಂದ ವರ್ಷಕ್ಕೆ ವಲಸೆ ಹೋದವಳ ಕಡೆಗೇ ಬರ್ತಿದೆ ಅನ್ಸುತ್ತೆ. ಖರೇನೂ ಹೌದು. ಹಾಗಾದ್ರೆ ಅಕ್ಕ ಯಾಕೆ ಅದೇ ಶೆಡ್ಡಿಗೆ ವಾಪಸ್ ಬಂದ್ಲು? ನನ್ನ ತಪ್ಪು ಉತ್ತರ ಒಂದು ಕಾರಣ, ಒಪ್ತೀನಿ. ಆದ್ರೆ ಅದೊಂದೇ ಅಲ್ಲ.

ನನ್ನ ಕಥೆಯನ್ನೇ ತಗೊಳ್ಳಿ. ನಾನು ಇಲ್ಲಿ ಸೀಟು ತಗೊಂಡಿದ್ದು 371(ಜೆ) ಕೋಟಾದಲ್ಲಿ. ನಮ್ಮ ಭಾಗದ ಮಕ್ಕಳಿಗೆ ಕಲ್ಯಾಣ ಕರ್ನಾಟಕದ ಆಚೆ ಇರೋ ಕಾಲೇಜುಗಳಲ್ಲೂ 8 ಪರ್ಸೆಂಟ್ ಮೀಸಲಾತಿ ಇದೆ. ಅಸಿಸ್ಟೆಂಟ್ ಕಮಿಷನರ್ ಆಫೀಸಿಂದ ಸರ್ಟಿಫಿಕೇಟ್ ತಂದೆ, ತೋರಿಸಿದೆ, ಸೀಟು ಸಿಕ್ತು. ಊರು ಬಿಟ್ಟು ಬಂದ್ರೂ ನನ್ನ ಹಕ್ಕು ನನ್ನ ಜೊತೆ ಬ್ಯಾಗಲ್ಲಿ ಬಂತು. ಅಕ್ಕಾನೂ ಅದೇ ಜಿಲ್ಲೆಯಿಂದ, ಬಹುಶಃ ನಾನು ಬಂದ ಉದ್ಯಾನ್ ಎಕ್ಸ್‌ಪ್ರೆಸ್‌ನ ಜನರಲ್ ಬೋಗಿಯಲ್ಲೇ ಬಂದಿರ್ತಾಳೆ. ಅವಳ ಹಕ್ಕುಗಳು ಮಾತ್ರ ಊರಲ್ಲೇ ಉಳಿದ್ವು, ಇಲ್ಲಾ ಗಂಡನ ಜೇಬಲ್ಲಿ ಉಳಿದ್ವು.

ರೇಷನ್ ಕಾರ್ಡ್ ನೋಡಿ. 'ಒಂದು ದೇಶ ಒಂದು ರೇಷನ್ ಕಾರ್ಡ್' ಬಂದ ಮೇಲೆ ಊರಿನ ಕಾರ್ಡಲ್ಲಿ ಎಲ್ಲಿ ಬೇಕಾದ್ರೂ ಅಕ್ಕಿ ತಗೋಬಹುದು. ಒಳ್ಳೇದೇ. ಆದ್ರೆ ಕಾರ್ಡು ಕುಟುಂಬಕ್ಕೆ ಒಂದು. ಹೊಡೆಯೋ ಗಂಡನೂ ಅದರಲ್ಲೇ, ಹೊಡೆಸಿಕೊಳ್ಳೋ ಹೆಂಡತಿಯೂ ಅದರಲ್ಲೇ. ಬೇರೆ ಆಗಬೇಕಂದ್ರೆ ಆ ಕಾರ್ಡಿಂದ ಹೆಸರು ತೆಗೆಸಿ, ಹೊಸದಕ್ಕೆ ಅರ್ಜಿ ಹಾಕಿ ಕಾಯಬೇಕು. ಅಲ್ಲಿ ತನಕ ಕೂಸಿಗೆ ಏನು ಉಣಿಸೋದು?

ಗೃಹಲಕ್ಷ್ಮಿ ನೋಡಿ. 2023ರ ಆಗಸ್ಟ್‌ನಿಂದ ತಿಂಗಳಿಗೆ 2000 ರೂಪಾಯಿ, ಮನೆಯ ಯಜಮಾನಿಗೆ. ನಮ್ಮ ಊರಲ್ಲಿ ಎಷ್ಟೋ ಅವ್ವಂದಿರ ಕೈಯಲ್ಲಿ ಮೊದಲ ಸಲ ಸ್ವಂತ ರೊಕ್ಕ ಓಡಾಡಿದ್ದು ಇದರಿಂದ, ಅದನ್ನ ನಾನು ಕಣ್ಣಾರೆ ನೋಡಿದೀನಿ. ಆದ್ರೆ ಯಜಮಾನಿ ಯಾರು ಅಂತ ಹೇಳೋದೂ ಅದೇ ರೇಷನ್ ಕಾರ್ಡು. ಅಕ್ಕನ ಮನೆಯಲ್ಲಿ ಯಜಮಾನಿ ಅತ್ತೆ. ಮನೆ ಬಿಟ್ಟ ಸೊಸೆ ಈ ಲೆಕ್ಕದಲ್ಲೇ ಇಲ್ಲ.

ಶಕ್ತಿ ಯೋಜನೆ ನೋಡಿ. 2023ರ ಜೂನ್ 11ರಿಂದ ರಾಜ್ಯದ ಹೆಂಗಸರಿಗೆ ಸಾಮಾನ್ಯ ಬಸ್ಸಲ್ಲಿ ಟಿಕೆಟ್ ಫ್ರೀ. ಇದರ ಬಗ್ಗೆ ಜೋಕ್ ಮಾಡೋರು ಬಹಳ ಜನ, ನಮ್ಮ ಕ್ಲಾಸಲ್ಲೂ ಇದಾರೆ. ಅವರಿಗೆ ನಾನು ಹೇಳೋದು ಇಷ್ಟೇ: ಅಕ್ಕ ಆವತ್ತು ಕೂಸು ಕಟ್ಕೊಂಡು ಊರಿಗೆ ಹೋದಾಗ ಅವಳ ಹತ್ರ ಟಿಕೆಟ್‌ಗೆ ರೊಕ್ಕ ಇರ್ಲಿಲ್ಲ. ವಾರದ ಕೂಲಿ ಇಬ್ಬರದ್ದೂ ಗಂಡನ ಕೈಗೇ ಹೋಗುತ್ತೆ. ಫ್ರೀ ಬಸ್ ಇಲ್ದಿದ್ರೆ ಆಕೆ ಹೊಸ್ತಿಲೇ ದಾಟ್ತಿರ್ಲಿಲ್ಲ. ಒಂದು ನೀತಿ ನಿಜವಾಗ್ಲೂ ಬಾಗಿಲು ತೆರೆದಿದ್ದು ಹೀಗೆ. ಆದ್ರೆ ಅದಕ್ಕೂ ಕರ್ನಾಟಕದ ಗುರುತಿನ ಚೀಟಿ ತೋರಿಸ್ಬೇಕು. ಆಧಾರ್ ಕಾರ್ಡನ್ನ ಗಂಡ ಎತ್ತಿಟ್ಕೊಂಡ್ರೆ ಬಾಗಿಲು ಮತ್ತೆ ಮುಚ್ಚಿತು ಅಂತ್ಲೇ ಅರ್ಥ. ಅಕ್ಕನ ಪುಣ್ಯಕ್ಕೆ ಆಧಾರ್ ಅವಳ ಹತ್ರಾನೇ ಇತ್ತು.

ಇನ್ನು ಮನೆ. 2005ರ ಕಾಯ್ದೆಯ ದೊಡ್ಡ ಕೊಡುಗೆ ಅಂದ್ರೆ ಹೆಂಡತಿಗೆ ಇರೋ ಮನೆಯಲ್ಲೇ ಉಳಿಯೋ ಹಕ್ಕು. ಮನೆ ಯಾರ ಹೆಸರಲ್ಲಿ ಅನ್ನೋದು ಮುಖ್ಯ ಅಲ್ಲ. 2020ರಲ್ಲಿ ಸತೀಶ್ ಚಂದರ್ ಅಹುಜಾ ಕೇಸಲ್ಲಿ ಸುಪ್ರೀಂ ಕೋರ್ಟ್ ಇದನ್ನ ಇನ್ನೂ ವಿಸ್ತಾರ ಮಾಡ್ತು, ಮಾವನ ಹೆಸರಲ್ಲಿರೋ ಮನೆಗೂ ಈ ಹಕ್ಕು ಅನ್ವಯಿಸುತ್ತೆ ಅಂತು. ಆದ್ರೆ ಶೆಡ್ಡು? ಅದು ಗಂಡಂದೂ ಅಲ್ಲ, ಮಾವಂದೂ ಅಲ್ಲ. ಕಂಟ್ರಾಕ್ಟರ್‌ದು. ಕೆಲಸ ಇರೋ ತನಕ ಶೆಡ್ಡು. ಕೆಲಸ ಕೊಟ್ಟಿದ್ದು ಗಂಡನ ಮುಖ ನೋಡಿ. ಅವನನ್ನ ಹೊರಗೆ ಹಾಕಿದ ದಿನವೇ ಮೇಸ್ತ್ರಿ ಇವಳನ್ನೂ ಹೊರಗೆ ಹಾಕ್ತಾನೆ. ಬೇರೆ ಮನೆ ಇಲ್ಲಾ ಬಾಡಿಗೆ ಕೊಡಿಸೋಕೂ ಕಾಯ್ದೆಯ 19ನೇ ಸೆಕ್ಷನ್‌ನಲ್ಲಿ ಜಾಗ ಇದೆ. ಆದ್ರೆ ಅದನ್ನ ಕೇಳೋಕೆ ವಕೀಲರು ಬೇಕು, ಕೋರ್ಟಿಗೆ ಓಡಾಡೋಕೆ ಕೂಲಿ ಬಿಡಬೇಕು.

'ಇದು ರಾಜ್ಯದೊಳಗೇ ಓಡಾಟ, ಇದಕ್ಕೆಲ್ಲ ವಲಸೆ ಅಂತ ದೊಡ್ಡ ಹೆಸರು ಯಾಕೆ' ಅಂತ ಕೇಳಬಹುದು. ಕಾನೂನೂ ಹಾಗೇ ಅಂದ್ಕೊಂಡಿದೆ. 1979ರ ವಲಸೆ ಕಾರ್ಮಿಕರ ಕಾಯ್ದೆ 'ಅಂತರರಾಜ್ಯ' ವಲಸೆಗೆ ಮಾತ್ರ ಇತ್ತು. 2025ರ ನವೆಂಬರ್‌ನಲ್ಲಿ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಯಲ್ಲೂ ಅದೇ ಪದ. ಶಹಾಪುರದಿಂದ ಹೈದರಾಬಾದ್‌ಗೆ ಹೋದ್ರೆ ವಲಸೆ, ಅದಕ್ಕಿಂತ ಎಷ್ಟೋ ದೂರದ ಬೆಂಗಳೂರಿಗೆ ಬಂದ್ರೆ ಅಲ್ಲ! ಗಡಿ ದಾಟಿಲ್ಲ ಅನ್ನೋದು ಮ್ಯಾಪಲ್ಲಿ ಸರಿ. ಭಾಷೆ, ಬಂಧು, ಪರಿಚಯದ ಅಂಗಡಿ, ಸಾಲ ಕೊಡೋ ಗೆಳತಿ, ಓಡಿ ಹೋಗಿ ಕೂರೋಕೆ ತವರುಮನೆ, ಇದ್ಯಾವುದೂ ಇಲ್ಲದ ಊರಿಗೆ ಬಂದವಳಿಗೆ ನಮ್ಮ ಕಡೆ 'ಗುಳೆ ಬಂದಾಕಿ' ಅಂತಾರೆ. ಆ ಪದದಲ್ಲಿ ರಾಜ್ಯದ ಗಡಿ ಇಲ್ಲ.

ಗಡಿ ದಾಟಿದ ನಮ್ಮವರ ಕಥೆಯೂ ಬೇರೆ ಅಲ್ಲ. ನಮ್ಮ ಸೀನಿಯರ್‌ಗಳಲ್ಲಿ ಎಷ್ಟೋ ಜನ ಎಂ.ಎಸ್. ಮಾಡಿ, ಎಚ್-1ಬಿ ಸಿಕ್ಕಿ, ಮದುವೆ ಆಗಿ ಹೆಂಡತಿಯನ್ನ ಎಚ್-4 ವೀಸಾದಲ್ಲಿ ಕರ್ಕೊಂಡು ಹೋಗ್ತಾರೆ. ಆ ವೀಸಾ ನಿಂತಿರೋದು ಗಂಡನ ವೀಸಾ ಮೇಲೆ. ಮದುವೆ ಮುರಿದ್ರೆ ವೀಸಾನೂ ಹೋಯ್ತು. ಹಿಂಸೆ ಅನುಭವಿಸ್ತಿರೋ ಇಂಥ ಹೆಂಡತಿಯರಿಗೆ ಕೆಲಸದ ಪರ್ಮಿಟ್ ಕೊಡೋ ಕಾನೂನಿಗೆ ಅಮೆರಿಕದಲ್ಲಿ ಸಹಿ ಬಿದ್ದಿದ್ದು 2006ರ ಜನವರಿಯಲ್ಲಿ. ಅದಕ್ಕೆ ಅರ್ಜಿ ತಗೊಳ್ಳೋಕೆ ಶುರು ಮಾಡಿದ್ದು 2017ರ ಫೆಬ್ರವರಿಯಲ್ಲಿ. ಹನ್ನೊಂದು ವರ್ಷ ಕಾನೂನು ಇತ್ತು, ಫಾರಂ ಇರ್ಲಿಲ್ಲ. ಬಿ.ಇ. ಮುಗಿಸಿದ ಹುಡುಗಿ ಕ್ಯಾಲಿಫೋರ್ನಿಯಾದ ಅಪಾರ್ಟ್‌ಮೆಂಟಲ್ಲೂ, ಶಾಲೆ ಬಿಟ್ಟ ಅಕ್ಕ ಬೆಂಗಳೂರಿನ ಶೆಡ್ಡಲ್ಲೂ ಸಿಕ್ಕಿಹಾಕ್ಕೊಂಡಿರೋದು ಒಂದೇ ಗಂಟಲ್ಲಿ: ಆ ಊರಲ್ಲಿ ಇರೋಕೆ ಬೇಕಾದ ಕಾಗದ, ಸೂರು ಎಲ್ಲವೂ ಹೊಡೆಯೋನ ಹೆಸರಲ್ಲಿದೆ.

ಈಗ ನಮ್ಮ ಕ್ಲಾಸಿನ ಹುಡುಗರು ಖಂಡಿತ ಕೇಳೋ ಪ್ರಶ್ನೆಗೆ ಬರ್ತೀನಿ. "ಈ ಕಾನೂನುಗಳನ್ನ ಮಿಸ್‌ಯೂಸ್ ಮಾಡ್ತಾರಲ್ಲ?" ಮಾಡೋರು ಇರಬಹುದು, ಯಾವ ಕಾನೂನಿಗೆ ಇಲ್ಲ ಹೇಳಿ. ಅದಕ್ಕಂತ್ಲೇ ಸುಪ್ರೀಂ ಕೋರ್ಟ್ 2014ರಲ್ಲಿ ಅರ್ನೇಶ್ ಕುಮಾರ್ ಕೇಸಲ್ಲಿ, 498ಎ ಅಂದ ತಕ್ಷಣ ಯಾಂತ್ರಿಕವಾಗಿ ಅರೆಸ್ಟ್ ಮಾಡಬಾರದು ಅಂತ ಪೊಲೀಸರಿಗೆ ಹೇಳಿದೆ. 2005ರ ಕಾಯ್ದೆಯಂತೂ ಮೊದಲ ಹೆಜ್ಜೆಗೇ ಯಾರನ್ನೂ ಜೈಲಿಗೆ ಹಾಕಲ್ಲ. ಹೊಡೀಬೇಡ, ಮನೆಯಿಂದ ಹೊರಗೆ ಹಾಕಬೇಡ, ಕೂಸಿನ ಖರ್ಚು ಕೊಡು, ಇಷ್ಟೇ ಕೇಳುತ್ತೆ. ಆದೇಶ ಮುರಿದ್ರೆ ಮಾತ್ರ ಶಿಕ್ಷೆ. ಇನ್ನೊಂದು ಕಡೆಯ ಲೆಕ್ಕಾನೂ ನೋಡಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ಮದುವೆಯಾದ ಹೆಂಗಸರಲ್ಲಿ ಶೇ. 44.4ರಷ್ಟು ಜನ ಗಂಡನಿಂದ ಒಂದಲ್ಲ ಒಂದು ಹಿಂಸೆ ಅನುಭವಿಸಿದಾರೆ. ಅದರ ಹಿಂದಿನ ಸಮೀಕ್ಷೆಯಲ್ಲಿ ಇದು ಶೇ. 20.6 ಇತ್ತು. ಇವರಲ್ಲಿ ಠಾಣೆ ತನಕ ಹೋದವರು ಎಷ್ಟು, ಹಿರಿಯರ ಮುಂದೆ ರಾಜಿ ಆಗಿ ವಾಪಸ್ ಬಂದವರು ಎಷ್ಟು ಅಂತ ಯೋಚಿಸಿ. ಮಿಸ್‌ಯೂಸ್ ಬಗ್ಗೆ ನಾವು ಮಾತಾಡಿದಷ್ಟು ಯೂಸ್ ಬಗ್ಗೆ ಮಾತಾಡೇ ಇಲ್ಲ.

ನನ್ನ ಅಭಿಪ್ರಾಯ ಇಷ್ಟು. ಹೊಸ ಕಾನೂನು ಬೇಕು ಅಂತ ನಾನು ಹೇಳ್ತಿಲ್ಲ. ಇರೋ ಹಕ್ಕು ಅವಳು ಹೋದ ಕಡೆ ಹೋಗಬೇಕು. ಅದಕ್ಕೆ ಮೂರು ಕೆಲಸ ಆಗಬೇಕು.

ಒಂದು, ರಕ್ಷಣಾಧಿಕಾರಿ. ಕಾಯ್ದೆ ಪ್ರಕಾರ ಅವಳ ಪರವಾಗಿ ವರದಿ ಬರೆದು ಕೋರ್ಟಿಗೆ ಮುಟ್ಟಿಸೋರು ಇವರೇ. ನಮ್ಮ ರಾಜ್ಯದಲ್ಲಿ ಬಹಳ ಕಡೆ ಸಿಡಿಪಿಓಗಳೇ ಈ ಕೆಲಸಾನೂ ನೋಡ್ಕೋತಾರೆ, ಅಂಗನವಾಡಿಯ ನೂರೆಂಟು ಕೆಲಸದ ನಡುವೆ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಎಲ್ಲಾ ರಾಜ್ಯಗಳಿಗೂ ಜಿಲ್ಲೆ, ತಾಲೂಕು ಮಟ್ಟದಲ್ಲಿ ರಕ್ಷಣಾಧಿಕಾರಿಗಳನ್ನ ಗುರುತಿಸಿ ಅಂತ ಹೇಳಿದೆ. ಗುರುತಿಸಿದ್ರೆ ಸಾಲದು, ಅವರ ಫೋನ್ ನಂಬರ್ ಪ್ರತಿ ಸೈಟಿನ ಬೋರ್ಡಲ್ಲಿ ಇರಬೇಕು. ಸೈಟ್ ಬೋರ್ಡಲ್ಲಿ ಆರ್ಕಿಟೆಕ್ಟ್ ಹೆಸರು ಇರುತ್ತೆ, ಬ್ಯಾಂಕ್ ಹೆಸರು ಇರುತ್ತೆ. ಇದೊಂದು ಸಾಲು ಹಿಡಿಸಲ್ವಾ?

ಎರಡು, ಕಾಗದ. ರಕ್ಷಣಾಧಿಕಾರಿ ಬರೆದ ವರದಿ ಇದ್ರೆ ಸಾಕು, ಬೇರೆ ರೇಷನ್ ಕಾರ್ಡು, ಅದರ ಹಿಂದೆಯೇ ಗೃಹಲಕ್ಷ್ಮಿ, ತಡ ಇಲ್ಲದೆ ಸಿಗಬೇಕು. ಡೈವೋರ್ಸ್ ಪೇಪರ್ ತಾ, ಗಂಡನ ಸಹಿ ತಾ ಅನ್ನಬಾರದು.

ಮೂರು, ಕೂಲಿ. ಅವಳ ಕೂಲಿ ಅವಳ ಕೈಗೆ ಇಲ್ಲಾ ಅವಳ ಅಕೌಂಟಿಗೆ. ನಮ್ಮಲ್ಲಿ ಸಿವಿಲ್ ಓದ್ತಿರೋರು ನಾಳೆ ಸೈಟ್ ಎಂಜಿನಿಯರ್ ಆಗ್ತೀರಿ. ಕಾಂಕ್ರೀಟಿನ ಗ್ರೇಡ್ ಚೆಕ್ ಮಾಡೋ ಹಾಗೆ ಇದನ್ನೂ ಚೆಕ್ ಮಾಡಬಹುದು.

ನಾವು ಸ್ಟೂಡೆಂಟ್ಸ್ ಇವತ್ತೇ ಮಾಡಬಹುದಾದ್ದೂ ಇದೆ. ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ ಯಾರು ಬೇಕಾದ್ರೂ ರಕ್ಷಣಾಧಿಕಾರಿಗೆ ಮಾಹಿತಿ ಕೊಡಬಹುದು, ಒಳ್ಳೆ ಮನಸ್ಸಿಂದ ಕೊಟ್ಟವರ ಮೇಲೆ ಕೇಸ್ ಬರಲ್ಲ. ಮಹಿಳಾ ಸಹಾಯವಾಣಿ 181. ತುರ್ತು ಇದ್ರೆ 112. ಉಚಿತ ಕಾನೂನು ನೆರವಿಗೆ 15100. ಹೆಣ್ಣುಮಗಳಿಗೆ ಆದಾಯ ಎಷ್ಟೇ ಇರ್ಲಿ ವಕೀಲರು ಉಚಿತ, ಇದು 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಲ್ಲೇ ಇದೆ. 'ಸಖಿ' ಕೇಂದ್ರಗಳಲ್ಲಿ ಐದು ದಿನದ ತನಕ ಉಳಿಯೋಕೆ ಜಾಗ, ಚಿಕಿತ್ಸೆ, ಪೊಲೀಸ್ ನೆರವು ಒಂದೇ ಕಡೆ ಸಿಗುತ್ತೆ.

ಇಷ್ಟು ಓದಿಕೊಂಡು ನಾನು ಮತ್ತೆ ಕಾಂಪೌಂಡ್ ಹತ್ರ ಹೋದೆ. "ಅಕ್ಕಾ, ನಾ ಅವತ್ತು ತಪ್ಪು ಹೇಳಿದ್ದೆ. ಇಲ್ಲೇ ಕೊಡಬಹುದು, ಬೆಂಗಳೂರಲ್ಲೇ" ಅಂದೆ. ಬೈತಾಳೆ ಅಂದ್ಕೊಂಡಿದ್ದೆ. ಬೈಲಿಲ್ಲ. "ಮೊದಲಾ ಗೊತ್ತಿದ್ರ ಛಲೋ ಇತ್ತು ನೋಡು" ಅಂದ್ಲು, ಅಷ್ಟೇ. ನನಗೆ ಬೈದಿದ್ರೇ ವಾಸಿ ಇತ್ತು.

181 ಅಂತ ಚೀಟಿಯಲ್ಲಿ ಬರ್ಕೊಡೋಕೆ ಪೆನ್ ತೆಗೆದೆ. ಅಕ್ಕ ಕೈ ಅಡ್ಡ ಹಿಡಿದ್ಲು.

"ಬರೀಬ್ಯಾಡ ತಂಗಿ, ಆತ ನೋಡಿದ್ರ ಮತ್ತೊಂದು ರಾಮಾಯಣ. ಬಾಯಿಲೆ ಹೇಳು, ನೆನಪಿಟ್ಕೋತೀನಿ."

ಹೇಳಿದೆ. ಅವಳು ಮೂರು ಸಲ ಹೇಳ್ಕೊಂಡ್ಲು, ಒಂದು ಎಂಟು ಒಂದು, ಒಂದು ಎಂಟು ಒಂದು, ಒಂದು ಎಂಟು ಒಂದು.

ಡಿಸೆಂಬರ್‌ನಲ್ಲಿ ಎಕ್ಸಾಮ್ ಮುಗಿಸಿ ಊರಿಗೆ ಹೋಗಿ ಬರೋ ಹೊತ್ತಿಗೆ ಆ ಕಟ್ಟಡದ ಕೆಲಸ ಮುಗಿದಿತ್ತು. ಶೆಡ್ಡು ಕಿತ್ತಿದ್ರು. ಅಕ್ಕ ಈಗ ಯಾವ ಸೈಟಲ್ಲಿದಾಳೋ, ಆ ನಂಬರ್‌ಗೆ ಫೋನ್ ಮಾಡಿದ್ಲೋ ಇಲ್ವೋ ನನಗೆ ಗೊತ್ತಿಲ್ಲ.

ನಿಮ್ಮ ಹಾಸ್ಟೆಲ್ ಹಿಂದೆ, ನಿಮ್ಮ ಪಿಜಿ ಪಕ್ಕ ಕೂಡ ಒಂದು ಸೈಟ್ ಇರುತ್ತೆ. ಅಲ್ಲಿಂದ ಯಾರಾದ್ರೂ "ನೀ ಓದಿದಾಕಿ, ಹೇಳು" ಅಂದ್ರೆ, ಅಥವಾ "ಓದಿದಾಂವ, ಹೇಳಪಾ" ಅಂದ್ರೆ, ನನ್ನ ಹಾಗೆ 'ಅನ್ಸುತ್ತೆ' ಅನ್ನಬೇಡಿ. ಕೇಸು ಯಾವೂರಾಗ ಕೊಡ್ಬೇಕು? ಅವಳು ಇವತ್ತು ಇರೋ ಊರಲ್ಲಿ.